ಡೇರೆ ಗಿಡಕ್ಕೊಂದು ಅಟ್ಟಣಿಗೆ: ಬಸವನಹುಳು ಹತ್ತದ ಕಾಲುಗಳನ್ನು ಕಟ್ಟಿದ್ದು

ಡೇರೆ (ಡೇಲಿಯಾ) ಗೆಡ್ಡೆಯ ಮೊಳಕೆಗೆ ಅಪಾಯ ಜಾಸ್ತಿ ಇರುವುದು ಮಣ್ಣಿನಿಂದ ತಲೆ ಎತ್ತಿದ ಮೊದಲ ಎರಡು ವಾರ. ಗಿಡ ಒಂದಡಿ ದಾಟಿದ ಮೇಲೆ ನಾಲ್ಕು ಎಲೆ ತೂತಾದರೂ ಬದುಕಿಕೊಳ್ಳುತ್ತದೆ. ಆದರೆ ಎರಡಿಂಚಿನ ಮೊಳಕೆಯನ್ನು ಬಸವನಹುಳು ಒಂದೇ ರಾತ್ರಿಯಲ್ಲಿ ಬುಡದವರೆಗೆ ಬೋಳಿಸಿ ಹೋಗುತ್ತದೆ. ಗೆಡ್ಡೆಯ ಕುತ್ತಿಗೆಯಲ್ಲಿ ಇನ್ನೊಂದು ಕಣ್ಣು ಇದ್ದರೆ ಸರಿ. ಇಲ್ಲದಿದ್ದರೆ ಆ ಬಣ್ಣ ಆ ವರ್ಷಕ್ಕೆ ಮುಗಿಯಿತು. ಮತ್ತೆ ಯಾರ ಮನೆಯಲ್ಲಿ ಆ ಬಣ್ಣ ಇದೆ ಅಂತ ವಿಚಾರಿಸಿ ಗೆಡ್ಡೆ ತರಬೇಕು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಅಂಗಳದ ಡೇರೆಯೆಲ್ಲ ಅತ್ತೆಯ ಆಸ್ತಿ. ಹೂ ಮುಗಿದ ಮೇಲೆ ಗೆಡ್ಡೆ ಅಗೆದು ಮರಳಲ್ಲಿ ಇಟ್ಟು, ಮೊಳಕೆ ಬಂದಾಗ ಮಣ್ಣಿಗೆ ಹಾಕಿ, ಮಳೆಗಾಲದ ನಡುವೆ ಹೂ ನೋಡುವುದು ಅವರ ವರ್ಷದ ಲೆಕ್ಕ. ಈ ಬಾರಿ ಅವರ ಬೇಡಿಕೆ ಒಂದೇ: "ಹುಳ ಹತ್ತದ ಹಾಗೆ ಏನಾದ್ರೂ ಮಾಡಿಕೊಡು, ಔಷಧಿ ಮಾತ್ರ ಬೇಡ." ಮನೆಯಲ್ಲಿ ನಾಯಿ ಇದೆ, ಕೊಟ್ಟಿಗೆಯಲ್ಲಿ ಕರು ಇದೆ. ಹಾಗಾಗಿ ಈ ಷರತ್ತಿನಲ್ಲಿ ನ್ಯಾಯ ಇತ್ತು.

ಅಂಗಡಿಯಲ್ಲಿ ಸಿಗುವ ಗುಳಿಗೆಯಲ್ಲಿ ಇರುವುದು ಮೆಟಾಲ್ಡಿಹೈಡ್, ಸಾಮಾನ್ಯವಾಗಿ ಶೇಕಡಾ 2.5. ಹುಳು ಸಾಯುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ನಾಯಿ ತಿಂದರೆ ನಾಯಿಯೂ ಹೋಗಬಹುದು. ಬ್ರಿಟನ್ನಿನಲ್ಲಿ 2022ರ ಏಪ್ರಿಲ್‌ನಿಂದ ಇದನ್ನು ಹೊರಾಂಗಣದಲ್ಲಿ ಬಳಸುವುದನ್ನೇ ನಿಲ್ಲಿಸಿದ್ದಾರೆ. ಕೇರಳದಲ್ಲಿ ಹೊಗೆಸೊಪ್ಪಿನ ಕಷಾಯಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಬೆರೆಸಿ ಹೊಡೆಯುವ ಕ್ರಮ ಇದೆ. ಡೇರೆಯ ಎಳೆ ಎಲೆಯ ಮೇಲೆ ಅಷ್ಟು ಗಟ್ಟಿ ಮೈಲುತುತ್ತು ಹೊಡೆಯುವ ಧೈರ್ಯ ನನಗಿಲ್ಲ. ಉಪ್ಪು ಎರಚುವುದಂತೂ ಬೇಡವೇ ಬೇಡ. ಮಳೆಗೆ ಕರಗಿ ಕುಂಡದ ಮಣ್ಣಿಗೇ ಇಳಿಯುತ್ತದೆ, ಹುಳುವಿಗಿಂತ ಮೊದಲು ಗಿಡ ಸಾಯುತ್ತದೆ.

ಯಾರು ತಿನ್ನುತ್ತಿದ್ದಾರೆ?

ಕಂಬಳಿಹುಳು ತಿಂದಿದ್ದರೆ ಎಲೆಯ ಮೇಲೆ ಹಿಕ್ಕೆ ಬಿದ್ದಿರುತ್ತದೆ. ಬಸವನಹುಳು ತಿಂದಿದ್ದರೆ ಒಣಗಿದ ಲೋಳೆಯ ಗೆರೆ ಮಿಂಚುತ್ತದೆ. ಆದರೆ ನಮ್ಮ ಮಳೆಗೆ ಆ ಗೆರೆ ಎಲ್ಲಿ ನಿಲ್ಲುತ್ತದೆ? ಊಟ ಮುಗಿಸಿ ಟಾರ್ಚ್ ಹಿಡಿದು ಹೊರಗೆ ಹೋಗಿ ನೋಡುವುದೇ ಸರಿ.

ನಮ್ಮ ಅಂಗಳದಲ್ಲಿ ಸಿಕ್ಕವರು ಮುಖ್ಯವಾಗಿ ಇಬ್ಬರು. ಒಂದು ಆಫ್ರಿಕಾದ ದೈತ್ಯ ಬಸವನಹುಳು. ಉದ್ದ ಶಂಖದಂಥ ಚಿಪ್ಪು, ಕಂದು ಪಟ್ಟೆ. ಇದು ಪೂರ್ವ ಆಫ್ರಿಕಾದ ಪ್ರಾಣಿ. 1847ರಲ್ಲಿ ಬೆನ್ಸನ್ ಎಂಬ ಚಿಪ್ಪು ಸಂಗ್ರಹದ ಹುಚ್ಚಿನ ಬ್ರಿಟಿಷ್ ಅಧಿಕಾರಿ ಮಾರಿಷಸ್‌ನಿಂದ ತಂದು ಕಲ್ಕತ್ತಾದ ಚೌರಂಗಿಯ ತೋಟವೊಂದರಲ್ಲಿ ಬಿಟ್ಟದ್ದು ಭಾರತದಲ್ಲಿ ಇದರ ಶುರು. ಅಲ್ಲಿಂದ ಇಲ್ಲಿಯವರೆಗೆ ಬಂದಿದೆ. ಕೊಡಗಿನ ಕಾಫಿ ತೋಟದವರನ್ನು ಕೇಳಿದರೆ ಇನ್ನೂ ದೊಡ್ಡ ಕಥೆ ಹೇಳುತ್ತಾರೆ. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಒಂದು ಸಲಕ್ಕೆ ನೂರರಿಂದ ನಾನೂರರವರೆಗೆ ಮೊಟ್ಟೆ ಇಡುತ್ತದೆ.

ಇನ್ನೊಂದು ಸಿಂಬಳದ ಹುಳು, ಚಿಪ್ಪಿಲ್ಲದ್ದು. ಕಪ್ಪು-ಕಂದು ಬಣ್ಣ, ಚಪ್ಪಟೆ ಮೈ, ಬೆನ್ನ ನಡುವೆ ತಲೆಯಿಂದ ಬಾಲದವರೆಗೆ ತೆಳು ಬಿಳಿ ಗೆರೆ. ದೊಡ್ಡದು ಗೋಡೆಯ ಬುಡದಲ್ಲಿ ಕಾಣುತ್ತದೆ. ಆದರೆ ಮೊಳಕೆಗೆ ಹಾನಿ ಮಾಡುವುದು ಹೆಚ್ಚಾಗಿ ಇದರ ಮರಿಗಳು. ಕಣ್ಣಿಗೇ ಬೀಳುವುದಿಲ್ಲ.

ಕೆಂಪು, ಕಿತ್ತಳೆ ಬಣ್ಣದ ಮೈಯ, ತೆಳು ಹೊಳಪಿನ ಚಿಪ್ಪಿನ ದೊಡ್ಡ ಬಸವನಹುಳು ಕಂಡರೆ ಮಾತ್ರ ಮುಟ್ಟಬೇಡಿ. ಇಂಡ್ರೆಲ್ಲಾ ಅಂತ ಅದರ ಹೆಸರು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬಸವನಹುಳು ಅಂದ ಕೂಡಲೇ ಎಲ್ಲವನ್ನೂ ಬಕೆಟಿಗೆ ಹಾಕುವವರಿಗೆ ಇದನ್ನು ಒತ್ತಿ ಹೇಳಬೇಕು.

ಹಗಲು ಎಲ್ಲಿ ಮಲಗುತ್ತವೆ

ಬಹಳ ಜನ ಗಿಡದ ಸುತ್ತ ಬೇಲಿ ಹಾಕುವುದರಲ್ಲೇ ಇರುತ್ತಾರೆ. ಮೊಟ್ಟೆ ಚಿಪ್ಪು ಪುಡಿ, ತಾಮ್ರದ ಪಟ್ಟಿ, ಹೊಟ್ಟು. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವರು ಲೆಟ್ಯೂಸ್ ನೆಟ್ಟು ತಾಮ್ರದ ಪಟ್ಟಿ, ಜಲ್ಲಿಪುಡಿ, ಮರದ ತೊಗಟೆ, ಉಣ್ಣೆಯ ಉಂಡೆ, ಮೊಟ್ಟೆ ಚಿಪ್ಪು ಎಲ್ಲವನ್ನೂ ಹೋಲಿಸಿ ನೋಡಿದರು. ಏನೂ ಹಾಕದ ಗಿಡಕ್ಕೂ ಇವುಗಳನ್ನು ಹಾಕಿದ ಗಿಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾಫಿ ಚರಟದ ಕಥೆಯೂ ಅಷ್ಟೇ. ಹವಾಯಿಯಲ್ಲಿ 2002ರಲ್ಲಿ ಪರೀಕ್ಷಿಸಿದವರು ಶೇಕಡಾ 1-2ರಷ್ಟು ಕೆಫೀನ್ ಇರುವ ದ್ರಾವಣಕ್ಕೆ ಹುಳು ಸಾಯುವುದನ್ನು ಕಂಡರು. ನಾವು ಕುಡಿಯುವ ಕಾಫಿಯಲ್ಲೇ ಅಷ್ಟು ಕೆಫೀನ್ ಇರುವುದಿಲ್ಲ. ಎರಡು ಸಲ ಡಿಕಾಕ್ಷನ್ ಇಳಿಸಿದ ಮೇಲೆ ಫಿಲ್ಟರಿನಲ್ಲಿ ಉಳಿಯುವುದಾದರೂ ಎಷ್ಟು?

ಹುಳು ತಿನ್ನುವ ಜಾಗಕ್ಕಿಂತ ಮಲಗುವ ಜಾಗ ಮುಖ್ಯ. ಅದಕ್ಕೆ ಹಗಲು ಒದ್ದೆ, ಕತ್ತಲೆ, ತಂಪು ಬೇಕು. ನಮ್ಮ ಡೇರೆ ಸಾಲಿನ ಹಿಂದೆ ಏನಿತ್ತು ಗೊತ್ತಾ? ಹಳೇ ಹಂಚಿನ ರಾಶಿ, ತೆಂಗಿನ ಸಿಪ್ಪೆ, ಗಿಡದ ಬುಡಕ್ಕೆ ದರಕು (ಒಣ ಎಲೆ). ಪಕ್ಕದಲ್ಲೇ ಚಿರೆಕಲ್ಲಿನ ಪಾಗಾರ (ಕಾಂಪೌಂಡ್ ಗೋಡೆ). ಇನ್ನು ಡೇರೆ ಇದ್ದದ್ದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ (ಚೀಲದಲ್ಲಿ). ಕೊಟ್ಟೆಯ ಬುಡದ ಮಡಿಕೆ ಬಿಡಿಸಿದರೆ ಒಂದೊಂದರಲ್ಲೂ ಸಿಂಬಳದ ಹುಳುವಿನ ಸಂಸಾರ. ಮನೆ ಕಟ್ಟಿಕೊಟ್ಟು, ಊಟವನ್ನೂ ಬಾಗಿಲಿಗೇ ತಂದಿಟ್ಟಂತೆ ಆಗಿತ್ತು.

ಹಾಗಾಗಿ ಕೆಲಸ ಎರಡು. ಗಿಡವನ್ನು ನೆಲದಿಂದ ಎತ್ತುವುದು. ಎತ್ತಿದ ಜಾಗದ ಕೆಳಗೆ ಮಲಗಲು ಏನೂ ಸಿಗದಂತೆ ಮಾಡುವುದು.

ಕಟ್ಟಿದ್ದು

ಅಟ್ಟಣಿಗೆಯ ಅಳತೆ ಆರಡಿ ಉದ್ದ, ಎರಡಡಿ ಅಗಲ, ನೆಲದಿಂದ ಒಂದೂವರೆ ಅಡಿ ಎತ್ತರ. ಹತ್ತಿಂಚಿನ ಕುಂಡ ಹನ್ನೆರಡು ಹಿಡಿಯುತ್ತದೆ. ಮಣ್ಣು ತುಂಬಿ ಮಳೆಯಲ್ಲಿ ನೆನೆದ ಕುಂಡ ಸುಲಭವಾಗಿ ಹತ್ತು ಹನ್ನೆರಡು ಕಿಲೋ ತೂಗುತ್ತದೆ. ಒಟ್ಟು ಒಂದೂವರೆ ಕ್ವಿಂಟಾಲ್ ಹತ್ತಿರ ಅಂತ ಲೆಕ್ಕ ಹಾಕಿಯೇ ಕಾಲು ಮಾಡಬೇಕು.

ಕಾಲು ಆರು. ತೋಟದಲ್ಲಿ ಬಿದ್ದಿದ್ದ ಎರಡಿಂಚಿನ ಪಿವಿಸಿ ಪೈಪನ್ನು ಎರಡೂವರೆ ಅಡಿಗೆ ಕತ್ತರಿಸಿ, ಬುಡಕ್ಕೆ ಪ್ಲಾಸ್ಟಿಕ್ ಕಟ್ಟಿ, ಒಳಗೆ 8 ಎಂಎಂ ಸರಳು ನಿಲ್ಲಿಸಿ ಸಣ್ಣ ಜಲ್ಲಿಯ ಕಾಂಕ್ರೀಟ್ ತುಂಬಿದೆ. ತುಂಬುವಾಗ ಸ್ವಲ್ಪ ಸ್ವಲ್ಪವೇ ಹಾಕಿ ಕೋಲಿನಿಂದ ಕುಟ್ಟಬೇಕು, ಇಲ್ಲದಿದ್ದರೆ ನಡುವೆ ಟೊಳ್ಳು ಉಳಿಯುತ್ತದೆ. ತುದಿಯಲ್ಲಿ ಬೋಲ್ಟ್ ಹೂತಿಟ್ಟೆ, ಮೇಲಿನ ರೀಪು ಕೂರಿಸುವುದಕ್ಕೆ. ಒಂದು ವಾರ ನೀರು ಹಾಕಿ ಗಟ್ಟಿಯಾದ ಮೇಲೆ ಒಂದಡಿ ನೆಲಕ್ಕೆ ಹೂತದ್ದು. ಮರದ ಗೂಟ ಸಾಕಿತ್ತಲ್ಲ ಅಂತ ಭಾವ ಕೇಳಿದರು. ಸಾಕಿತ್ತು, ಆದರೆ ನಮ್ಮಲ್ಲಿ ಗೆದ್ದಲು ಬಸವನಹುಳುವಿಗಿಂತ ಬೇಗ ಬರುತ್ತದೆ. ಅದೂ ಅಲ್ಲದೆ ಒರಟು ಮರಕ್ಕಿಂತ ನುಣುಪು ಪೈಪಿನ ಮೇಲೆ ಮುಂದಿನ ಕೆಲಸ ಸುಲಭ.

ಉದ್ದಕ್ಕೆ ಎರಡು ಮರದ ರೀಪು. ಅದರ ಮೇಲೆ ಅಡ್ಡಡ್ಡಲಾಗಿ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ. ದಬ್ಬೆಯ ಒಳಮೈಯ ತಿರುಳನ್ನು ಕತ್ತಿಯಿಂದ ಪೂರಾ ಹೆರೆದು ತೆಗೆಯಿರಿ. ತಿರುಳು ಉಳಿದರೆ ನೀರು ಹೀರಿಕೊಂಡು ಕೊಳೆಯುತ್ತದೆ, ಆ ಮೆತ್ತಗಿನ ಜಾಗ ಸಿಂಬಳದ ಹುಳುವಿಗೆ ಹಾಸಿಗೆ. ಮೊಳೆಯನ್ನು ನೇರವಾಗಿ ಹೊಡೆದರೆ ದಬ್ಬೆ ಉದ್ದಕ್ಕೆ ಸೀಳುತ್ತದೆ. ಡ್ರಿಲ್‌ನಿಂದ ತೂತು ಹಾಕಿ ಆಮೇಲೆ ಸ್ಕ್ರೂ ಹಾಕಿದೆ. ಎರಡು ದಬ್ಬೆಯ ನಡುವೆ ಒಂದಿಂಚು ಸಂದು ಬಿಟ್ಟಿದ್ದೇನೆ. ನೀರು ಇಳಿಯಲಿ, ಗಾಳಿ ಆಡಲಿ ಅಂತ ಮಾತ್ರ ಅಲ್ಲ, ಕೆಳಗಿನಿಂದ ಟಾರ್ಚ್ ಬಿಟ್ಟರೆ ಕುಂಡದ ಬುಡ ಕಾಣಬೇಕು.

ಅಟ್ಟಣಿಗೆಯ ಸುತ್ತ ಒಂದಡಿ ಎತ್ತರಕ್ಕೆ ಬಿದಿರ ಗಳ ಕಟ್ಟಿದ್ದು ಗಾಳಿಗೋಸ್ಕರ. ಆಷಾಢದ ಗಾಳಿ ಮೂರಡಿ ಡೇರೆ ಇರುವ ಕುಂಡವನ್ನು ಸುಮ್ನೆ ತಳ್ಳಿ ಹಾಕುತ್ತದೆ.

ಕಾಲಿಗೊಂದು ಕೊಡೆ

ಹಳೇ ಕಾಲದಲ್ಲಿ ಅಡುಗೆಮನೆ ಕಪಾಟಿನ ಕಾಲನ್ನು ನೀರಿನ ಬಟ್ಟಲಲ್ಲಿ ಇಡುತ್ತಿದ್ದರು, ಇರುವೆ ಹತ್ತದಿರಲಿ ಅಂತ. ಇಲ್ಲಿ ಅದು ನಡೆಯುವುದಿಲ್ಲ. ನೀರು ನಿಂತರೆ ಸೊಳ್ಳೆ. ಜೊತೆಗೆ ಸಿಂಬಳದ ಹುಳು ಸ್ವಲ್ಪ ಹೊತ್ತು ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ, ದಾಟಿಯೇ ದಾಟುತ್ತದೆ.

ರಬ್ಬರ್ ತೋಟದಲ್ಲಿ ಮರಕ್ಕೆ ಪ್ಲಾಸ್ಟಿಕ್ ಲಂಗ ಕಟ್ಟುವುದನ್ನು ನೋಡಿದ್ದೀರಲ್ವಾ? ಮಳೆನೀರು ಹಾಲಿನ ಬಟ್ಟಲಿಗೆ ಇಳಿಯದಿರಲಿ ಅಂತ. ನನಗೆ ಬೇಕಾದದ್ದೂ ಅಂಥದ್ದೇ. ಹತ್ತಿಂಚು ಅಗಲದ ಹಳೇ ಪ್ಲಾಸ್ಟಿಕ್ ಕುಂಡದ ತಳಕ್ಕೆ ಪೈಪಿನ ಅಳತೆಯ ತೂತು ಕೊರೆದು, ಬೋರಲಾಗಿ ಕಾಲಿನ ಮೇಲಿಂದ ಇಳಿಸಿದೆ. ನೆಲದಿಂದ ಒಂದಡಿ ಮೇಲೆ ನಿಲ್ಲುವಂತೆ ಕೆಳಗೆ ಹೋಸ್ ಕ್ಲಿಪ್ ಬಿಗಿದೆ. ಪೈಪಿಗೂ ಕುಂಡಕ್ಕೂ ನಡುವಿನ ಸಂದಿಗೆ ಎಂ-ಸೀಲ್. ಈ ಸಂದಿ ಪೂರ್ತಿ ಮುಚ್ಚದಿದ್ದರೆ ಉಳಿದದ್ದೆಲ್ಲ ದಂಡ, ಮರಿಗಳು ಬೆಂಕಿಕಡ್ಡಿ ದಪ್ಪದ ಜಾಗದಲ್ಲೂ ನುಸುಳುತ್ತವೆ.

ಕೊಡೆಯ ಒಳಗೆ ಬೋರ್ಡೋ ಪೇಸ್ಟ್ ಹಚ್ಚಿದ್ದು. ಅಡಿಕೆ ಬೆಳೆಯುವವರ ಮನೆಯಲ್ಲಿ ಮಳೆಗಾಲಕ್ಕೆ ಮೈಲುತುತ್ತು, ಸುಣ್ಣ ಇದ್ದೇ ಇರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವುದು ನೂರು ಲೀಟರ್ ನೀರಿಗೆ ಒಂದೊಂದು ಕಿಲೋ. ಪೇಸ್ಟಿಗೆ ಹತ್ತು ಪಟ್ಟು ಗಟ್ಟಿ ಬೇಕು. ನಾನು ಮಾಡಿದ್ದು ಒಂದು ಲೀಟರ್: ಪ್ಲಾಸ್ಟಿಕ್ ಡಬ್ಬದಲ್ಲಿ ಅರ್ಧ ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತು, ಇನ್ನೊಂದರಲ್ಲಿ ಅರ್ಧ ಲೀಟರಿಗೆ 100 ಗ್ರಾಂ ಸುಟ್ಟ ಸುಣ್ಣ. ಸುಣ್ಣ ಅರಳಿ ತಣ್ಣಗಾದ ಮೇಲೆ ಎರಡನ್ನೂ ಕೂಡಿಸಿ ಕಲಕಿದರೆ ಆಕಾಶನೀಲಿ ಗಂಜಿಯಂತೆ ಆಗುತ್ತದೆ. ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗು ಕೆಂಪಗಾದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸೇರಿಸಬೇಕು. ಕಬ್ಬಿಣದ ಅಥವಾ ತಗಡಿನ ಪಾತ್ರೆ ಬೇಡ. ಮಾಡಿದ ದಿನವೇ ಹಚ್ಚಿ ಮುಗಿಸಬೇಕು. ಸ್ವಲ್ಪ ರಾಳದ ಅಂಟನ್ನೂ ಸೇರಿಸಿದೆ.

ಕ್ಯಾಲಿಫೋರ್ನಿಯಾದ ಹಣ್ಣಿನ ತೋಟದವರು ಇದನ್ನು ಮರದ ಬುಡಕ್ಕೆ ಬಳಿಯುತ್ತಾರೆ, ಒಂದು ವರ್ಷದ ಹತ್ತಿರ ಬಸವನಹುಳು ಹತ್ತುವುದಿಲ್ಲ ಅನ್ನುತ್ತಾರೆ. ಅವರ ಮಳೆ ಎಷ್ಟು, ನಮ್ಮ ಮಳೆ ಎಷ್ಟು! ಬಯಲಲ್ಲಿ ಬಳಿದದ್ದು ನಮ್ಮಲ್ಲಿ ಜುಲೈ ದಾಟುವುದಿಲ್ಲ. ಕೊಡೆಯ ಕೆಳಗಾದರೆ ಮಳೆ ತಾಗುವುದೇ ಇಲ್ಲ. ತಾಮ್ರ ತೊಳೆದು ಕುಂಡಕ್ಕೂ ಇಳಿಯುವುದಿಲ್ಲ, ಎರೆಹುಳುವಿಗೂ ತೊಂದರೆ ಇಲ್ಲ.

ಆರರಲ್ಲಿ ಎರಡು ಕಾಲಿಗೆ ಬೇಕೆಂದೇ ಪೇಸ್ಟ್ ಬದಲು ಒಂದಿಂಚು ಅಗಲದ ತಾಮ್ರದ ಪಟ್ಟಿ ಸುತ್ತಿದೆ. ಪಟ್ಟಿ ಮಾರುವವರ ಮಾತು ಎಷ್ಟು ನಿಜ ನೋಡೋಣ ಅಂತ.

ರಾತ್ರಿ ನೋಡಿದ್ದು

ಜೂನ್ ಎರಡನೇ ವಾರ, ಮಳೆ ಹಿಡಿದ ಮೇಲೆ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಂಡು ಕಾಲಿನ ಹತ್ತಿರ ಮಣೆ ಹಾಕಿ ಕೂತೆ. ಬೆರಳುದ್ದದ ಸಿಂಬಳದ ಹುಳು ಒಂದು ಪೈಪ್ ಹತ್ತುತ್ತಿತ್ತು. ಅವಸರ ಇಲ್ಲ. ಮೈಯ ಅಡಿಯಲ್ಲಿ ಅಲೆ ಅಲೆಯಾಗಿ ಸ್ನಾಯು ಸರಿಯುವುದು ಬಿಳಿ ಪೈಪಿನ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಕೊಡೆಯೊಳಗೆ ಹೋಗಿ ನೀಲಿ ಪೇಸ್ಟಿನ ಅಂಚಿಗೆ ಕೆಳಗಿನ ಎರಡು ಗಿಡ್ಡ ಕೊಂಬು ತಾಗಿಸಿತು. ತಾಗಿಸಿದ್ದೇ ತಡ ಕೊಂಬು ಒಳಗೆಳೆದುಕೊಂಡು ನಿಂತಿತು. ಮತ್ತೆ ಚಾಚಿತು, ಈ ಸಲ ಒಂದು ಪಕ್ಕಕ್ಕೆ. ಪೈಪಿನ ಸುತ್ತ ಅರ್ಧ ಸುತ್ತು ಹೋಗಿ, ಎಲ್ಲ ಕಡೆಯೂ ಅದೇ ನೀಲಿ ಸಿಕ್ಕಿ, ತಲೆ ಕೆಳಗಾಗಿ ಇಳಿಯಿತು. ನಿಂತಿದ್ದ ಜಾಗದಲ್ಲಿ ಬಿಳಿ ನೊರೆಯಂಥ ಲೋಳೆ ಉಳಿದಿತ್ತು.

ತಾಮ್ರದ ಪಟ್ಟಿಯ ಕಾಲಿನಲ್ಲಿ ಹಾಗಾಗಲಿಲ್ಲ. ಚಿಕ್ಕ ಹುಳು ಪಟ್ಟಿಯ ಹತ್ತಿರ ತಡವರಿಸಿತು. ಆಮೇಲೆ ಒಂದು ದೊಡ್ಡದು ಬಂತು. ಮುಂದಿನ ಅರ್ಧ ಮೈಯನ್ನು ಎತ್ತಿ ಕಮಾನಿನಂತೆ ಬಾಗಿಸಿ, ಪಟ್ಟಿಯ ಆಚೆ ಬದಿ ಹಿಡಿದು, ಹಿಂದಿನದನ್ನು ಎಳೆದುಕೊಂಡಿತು. ಒಂದಿಂಚು ಅದಕ್ಕೆ ಒಂದು ಹೆಜ್ಜೆ. ಪಟ್ಟಿ ಹಾಕುವುದಾದರೆ ನಾಲ್ಕಿಂಚಾದರೂ ಅಗಲ ಬೇಕು, ಆ ದುಡ್ಡಿಗೆ ಮೈಲುತುತ್ತು ಎಷ್ಟು ವರ್ಷ ಬರುತ್ತದೆ ಲೆಕ್ಕ ಹಾಕಿ. ಮರುದಿನವೇ ಆ ಎರಡು ಕಾಲಿಗೂ ಪೇಸ್ಟ್ ಬಳಿದೆ.

ಮೇಲೆ ಆಗಲೇ ಇದ್ದವರು

ಕಾಲು ಎಷ್ಟೇ ಗಟ್ಟಿ ಇದ್ದರೂ ಕುಂಡದ ಮಣ್ಣಿನಲ್ಲೇ ಮೊಟ್ಟೆ ಇದ್ದರೆ ಏನು ಪ್ರಯೋಜನ? ಆಫ್ರಿಕನ್ ಹುಳುವಿನ ಮೊಟ್ಟೆ ನಾಲ್ಕೈದು ಮಿಲಿಮೀಟರ್, ಹಳದಿ ಬೆರೆತ ಬಿಳಿ, ಗುಂಪಾಗಿ ಇರುತ್ತದೆ. ಗೊಬ್ಬರಗುಂಡಿಯಿಂದ ತಂದದ್ದನ್ನೆಲ್ಲ ಜರಡಿ ಹಿಡಿದು, ಬಿಸಿಲಲ್ಲಿ ತೆಳ್ಳಗೆ ಹರವಿ ಒಣಗಿಸಿಯೇ ಕುಂಡಕ್ಕೆ ತುಂಬಿದೆ. ಈ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು, ಮಳೆ ಹಿಡಿದ ಮೇಲೆ ಒಣಗಿಸುವುದೆಲ್ಲಿ? ಕೊಟ್ಟೆಗಳನ್ನು ಬಿಟ್ಟು, ಕಾಲಿರುವ ಪ್ಲಾಸ್ಟಿಕ್ ಕುಂಡಕ್ಕೆ ಬದಲಾಯಿಸಿದೆವು.

ಅಟ್ಟಣಿಗೆಯ ಕೆಳಗೆ, ಸುತ್ತ ಎರಡಡಿ, ದರಕು ತೆಗೆದು ಜಲ್ಲಿ ಹಾಸಿದೆ. ಹಂಚಿನ ರಾಶಿ ಕೊಟ್ಟಿಗೆಯ ಹಿಂದಕ್ಕೆ ಹೋಯಿತು.

ಜುಲೈ ಕೊನೆಗೆ ಮತ್ತೆ ಒಂದು ಕುಂಡದ ಎಲೆ ತೂತಾಯಿತು. ಹುಡುಕಿದರೆ ಪಾಗಾರದ ಮೇಲಿನ ಜರಿಗಿಡ ಬಾಗಿ ಡೇರೆಗೆ ತಾಗಿತ್ತು. ಅದೇ ಸೇತುವೆ. ವಾರಕ್ಕೊಮ್ಮೆ ಸುತ್ತ ಕತ್ತರಿ ಆಡಿಸಿ, ಗೋಡೆಗೂ ಗಿಡಕ್ಕೂ ಒಂದಡಿ ಅಂತರ ಇಟ್ಟುಕೊಳ್ಳಬೇಕು.

ಬಲೆ

ತಡೆದರೆ ಸಾಲದು, ಸಂಖ್ಯೆಯೂ ಇಳಿಯಬೇಕು. ಅದಕ್ಕೆ ಅಡಿಕೆ ಹಾಳೆಯಷ್ಟು ಒಳ್ಳೆಯ ಬಲೆ ಇಲ್ಲ. ನೆನೆಸಿದ ಹಾಳೆಯನ್ನು ಸಂಜೆ ಬೋರಲಾಗಿ ಹಾಕಿ, ಅಡಿಯಲ್ಲಿ ಒಂದು ಕಡ್ಡಿ ಇಟ್ಟು ಒಂದಿಂಚು ಎತ್ತರಿಸಿ. ಒಳಗೆ ಪಪ್ಪಾಯಿ ಎಲೆ ಅಥವಾ ಹುಳಿ ಬಂದ ದೋಸೆ ಹಿಟ್ಟು ಗರಟೆಯಲ್ಲಿ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು ಬ್ರೆಡ್ಡಿನ ಹಿಟ್ಟಿಗೆ ಹುಳು ಮುತ್ತುವುದನ್ನು ತೋರಿಸಿದ್ದರು, ಹುದುಗಿದ ವಾಸನೆ ಅದಕ್ಕೆ ಇಷ್ಟ. ನಮ್ಮಲ್ಲಿ ದೋಸೆ ಹಿಟ್ಟಿಗೆ ಬರಗಾಲವೇ? ಮೇಲೊಂದು ಹಂಚು ಹೇರಿ, ಇಲ್ಲದಿದ್ದರೆ ನಾಯಿ ನೆಕ್ಕಿ ಹೋಗುತ್ತದೆ. ಬೆಳಿಗ್ಗೆ ಬಿಸಿಲು ಬರುವ ಮೊದಲು ಮಗುಚಿ ಹೆಕ್ಕಬೇಕು. ಸಾಲಿನ ತುದಿಯಲ್ಲಿ ನಾಲ್ಕು ಚೆಂಡುಹೂವಿನ ಸಸಿ ಬಲಿ ಕೊಟ್ಟರೂ ಆಗುತ್ತದೆ, ಅದರ ಎಳೆ ಎಲೆ ಕಂಡರೆ ಬಿಡುವುದಿಲ್ಲ.

ಬರಿಗೈಯಲ್ಲಿ ಹೆಕ್ಕಬೇಡಿ. ಇಲಿಯ ಶ್ವಾಸಕೋಶದ ಜಂತು ಈ ಹುಳುಗಳಲ್ಲಿ ಬೆಳೆಯುತ್ತದೆ, ಮನುಷ್ಯರ ಹೊಟ್ಟೆಗೆ ಹೋದರೆ ಮೆದುಳಿನ ಪೊರೆಗೆ ಉರಿಯೂತ ತರುತ್ತದೆ. ಗ್ಲೌಸ್ ಅಥವಾ ಚಿಮುಟ ಇರಲಿ. ಮಕ್ಕಳು ಆಟಕ್ಕೂ ಮುಟ್ಟದಿರಲಿ, ಅಂಗಳದ ಸೊಪ್ಪು ಚೆನ್ನಾಗಿ ತೊಳೆದೇ ಒಳಗೆ ಬರಲಿ. ಹೆಕ್ಕಿದ್ದನ್ನು ಲೀಟರಿಗೆ 200 ಗ್ರಾಂ ಕಲ್ಲುಪ್ಪು ಕರಗಿಸಿದ ಬಕೆಟಿಗೆ ಹಾಕುತ್ತೇವೆ. ಆಮೇಲೆ ಗಿಡಗಳಿಂದ ದೂರ ಗುಂಡಿ ತೋಡಿ, ಚಿಪ್ಪು ಒಡೆದು, ಸುಣ್ಣ ಹಾಕಿ ಮುಚ್ಚುವುದು. ಖಾಲಿ ಚಿಪ್ಪು ಹೊರಗೆ ಬಿದ್ದಿದ್ದರೆ ಅದರಲ್ಲೂ ನೀರು ನಿಂತು ಸೊಳ್ಳೆ ಆಗುತ್ತದೆ.

ಸಹಾಯಕ್ಕೆ ಕೆಂಬೂತ ಇದೆ, ಚಿಪ್ಪು ಒಡೆದು ತಿನ್ನುತ್ತದೆ. ಮಿಂಚುಹುಳುವಿನ ಮರಿಗಳೂ ಬಸವನಹುಳುವನ್ನೇ ತಿಂದು ಬೆಳೆಯುವವು. ಗುಳಿಗೆ ಎರಚದಿದ್ದರೆ ಇವು ಉಳಿಯುತ್ತವೆ.

ಈ ವರ್ಷ ಡೇರೆ ಎಲ್ಲವೂ ಮೊಳಕೆ ದಾಟಿ ಬಂತು. ಎರಡು ಗಿಡ ಕೊಳೆತು ಹೋದದ್ದು ಮಳೆಗೆ, ಹುಳುವಿಗಲ್ಲ. ಅತ್ತೆಯ ತಕರಾರು ಒಂದೇ, ಹಿಂದಿನ ಸಾಲಿನ ಕುಂಡಕ್ಕೆ ಕೈ ಎಟುಕುವುದಿಲ್ಲ. ಮುಂದಿನದನ್ನು ಒಂದೂಕಾಲಡಿ ಅಗಲಕ್ಕೆ ಇಳಿಸಿ ಒಂದೇ ಸಾಲು ಮಾಡುತ್ತೇನೆ.

ಇನ್ನು ಬಾಕಿ ಇರುವುದು ಪಾಗಾರ. ಬೇಸಿಗೆಯಲ್ಲಿ ಆಫ್ರಿಕನ್ ಹುಳು ಚಿಪ್ಪಿನ ಬಾಯಿಗೆ ಬಿಳಿ ಪೊರೆ ಮುಚ್ಚಿಕೊಂಡು ಕಲ್ಲಿನ ಸಂದಿಯಲ್ಲಿ ಗುಂಪಾಗಿ ಮಲಗಿರುತ್ತದೆ. ಆಗ ಹೆಕ್ಕಿದರೆ ಮಳೆಗಾಲದ ಎಷ್ಟೋ ರಾತ್ರಿಯ ಕೆಲಸ ಉಳಿಯುತ್ತದೆ. ಪಾಗಾರದ ಆಚೆ ಬದಿ ಪಕ್ಕದ ಮನೆಯವರದ್ದು. ಮಾರ್ಚ್‌ನಲ್ಲಿ ಒಂದು ಭಾನುವಾರ ಇಬ್ಬರೂ ಸೇರಿ ಕಲ್ಲು ಬಿಚ್ಚಿ ನೋಡೋಣ ಅಂತ ಮಾತಾಗಿದೆ. ಅವರಿಗೂ ಎರಡು ಬಣ್ಣದ ಗೆಡ್ಡೆ ಬೇಕಂತೆ.